ಧ್ವನಿ, ಮಾತು, ಸಂಗೀತ: ಯಾವ ಕೆಲಸಕ್ಕೆ ಯಾವ ಮುಕ್ತ ತಂತ್ರಾಂಶ?

ಆಡಾಸಿಟಿ ಒಳ್ಳೆಯದಾ, ಆರ್ಡರ್ ಒಳ್ಳೆಯದಾ, ಇಲ್ಲ ಎಲ್‌ಎಂಎಂಎಸ್ ಹಾಕಿಕೊಳ್ಳಲಾ ಅಂತ ಕೇಳುವವರು ತುಂಬಾ ಜನ. ಕೇಳಿದ ತಕ್ಷಣ ಉತ್ತರ ಹೇಳಲು ಆಗುವುದಿಲ್ಲ, ಯಾಕೆಂದರೆ ಈ ಮೂರೂ ಒಂದೇ ಕೆಲಸಕ್ಕೆ ಹುಟ್ಟಿದವಲ್ಲ. ಮೊದಲನೆಯದು ಆಗಲೇ ಇರುವ ಧ್ವನಿಯನ್ನು ಕತ್ತರಿಸಿ ಸರಿಮಾಡುವುದಕ್ಕೆ. ಎರಡನೆಯದು ಹಲವು ಮೈಕುಗಳನ್ನು ಒಟ್ಟಿಗೆ ರೆಕಾರ್ಡ್ ಮಾಡಿ ಮಿಕ್ಸ್ ಮಾಡುವುದಕ್ಕೆ. ಮೂರನೆಯದು ಮೈಕೇ ಇಲ್ಲದೆ ಕಂಪ್ಯೂಟರಿನೊಳಗೇ ಸಂಗೀತ ಕಟ್ಟುವುದಕ್ಕೆ. ಇವುಗಳಲ್ಲಿ ಯಾವುದು ಮೇಲು ಅಂತ ಅಂಕ ಕೊಟ್ಟು ಕೂರುವುದರಿಂದ ಯಾರಿಗೂ ಉಪಯೋಗ ಇಲ್ಲ.

ಹಾಗಾಗಿ ನಾನು ಮೊದಲು ತಿರುಗಿ ಕೇಳುವುದು ಒಂದೇ: ಈಗ ನಿಮ್ಮ ಕೈಯಲ್ಲಿ ಏನಿದೆ? ರೆಕಾರ್ಡ್ ಆದ ಫೈಲ್ ಇದೆಯಾ, ರೆಕಾರ್ಡ್ ಮಾಡಬೇಕಾದ ಜನ ಇದ್ದಾರಾ, ತಲೆಯಲ್ಲಿ ಒಂದು ಟ್ಯೂನ್ ಸುತ್ತುತ್ತಿದೆಯಾ, ಇಲ್ಲ ಬರೀ ಪಠ್ಯ ಇದ್ದು ಅದನ್ನು ಮಾತಾಗಿಸಬೇಕಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ. ಉಳಿದ ಅರ್ಧಕ್ಕೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಕೇಳಿಕೊಳ್ಳುವವರು ಕಡಿಮೆ: ಈ ತಂತ್ರಾಂಶ ಮಾಡಿದವರು ನಾಳೆ ಕೈಬಿಟ್ಟರೆ ನಿಮ್ಮ ಹತ್ತಿರ ಏನು ಉಳಿಯುತ್ತದೆ?

ದುಡ್ಡು ಕೇಳದಿದ್ದರೆ ಮುಕ್ತ ಅಂತಲ್ಲ

ಓಷನ್‌ಆಡಿಯೋ, ವೇವ್‌ಫಾರ್ಮ್ ಫ್ರೀ ಇಂಥವು ದುಡ್ಡಿಲ್ಲದೆ ಸಿಗುತ್ತವೆ, ಕೆಲಸಕ್ಕೂ ಚೆನ್ನಾಗಿವೆ. ಆದರೆ ಅವುಗಳ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಹೊರಗಿನವರ ಕೈಗೆ ಸಿಗುವುದಿಲ್ಲ. ಇದರಿಂದ ಏನಾಗುತ್ತದೆ ಅಂತ ತಿಳಿಯಲು ಕೇಕ್‌ವಾಕ್ ಅನ್ನುವ ಸಂಗೀತ ತಂತ್ರಾಂಶದ ಕಥೆ ನೋಡಿ. 2017ರ ಕೊನೆಯಲ್ಲಿ ಅದರ ಒಡೆತನ ಇದ್ದ ಗಿಬ್ಸನ್ ಅಭಿವೃದ್ಧಿ ನಿಲ್ಲಿಸಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಕೊಂಡು ಎಲ್ಲರಿಗೂ ಉಚಿತವಾಗಿ ಕೊಟ್ಟಿತು, ಜನ ಖುಷಿಪಟ್ಟರು. 2023ರಲ್ಲಿ ಅದರ ಜಾಗಕ್ಕೆ ಬೇರೆ ಉತ್ಪನ್ನ ತರುತ್ತೇವೆ ಅಂತ ಘೋಷಣೆ ಬಂತು. ಇಷ್ಟರಲ್ಲಿ ಬಳಕೆದಾರರಿಗೆ ಯಾವ ಹಂತದಲ್ಲೂ ಮಾತಾಡುವ ಅವಕಾಶ ಇರಲಿಲ್ಲ. ಒಡೆಯರು ಏನು ತೀರ್ಮಾನಿಸಿದರೋ ಅದೇ.

ಈಗ ಇನ್ನೊಂದು ಬದಿ ನೋಡಿ. 2021ರಲ್ಲಿ ಆಡಾಸಿಟಿಯನ್ನು ಮ್ಯೂಸ್ ಗ್ರೂಪ್ ತೆಗೆದುಕೊಂಡಿತು. ಬಳಕೆಯ ಮಾಹಿತಿ ಸಂಗ್ರಹಿಸುವ ವಿಷಯದಲ್ಲಿ ದೊಡ್ಡ ಗಲಾಟೆ ಆಯಿತು. ಒಪ್ಪದವರು ಸುಮ್ನೆ ಬೈದು ಕೂರಲಿಲ್ಲ, ಕೋಡ್ ತೆಗೆದುಕೊಂಡು ಟೆನಾಸಿಟಿ ಅಂತ ಬೇರೆ ಕವಲು ಶುರು ಮಾಡಿದರು. ಕವಲು ಚೆನ್ನಾಗಿ ಬೆಳೆಯಿತಾ ಇಲ್ಲವಾ ಅನ್ನುವುದು ಆಮೇಲಿನ ಮಾತು. ಹಾಗೆ ಮಾಡುವ ಹಕ್ಕು ಇತ್ತು, ಆ ಹಕ್ಕು ಇದೆ ಅಂತ ಗೊತ್ತಿದ್ದ ಕಂಪನಿಯೂ ತನ್ನ ನೀತಿಯನ್ನು ತಿದ್ದಿ ಬರೆಯಿತು. ನನಗೆ ಮುಕ್ತ ತಂತ್ರಾಂಶ ಮುಖ್ಯ ಅನಿಸುವುದು ಬೆಲೆಗಿಂತ ಜಾಸ್ತಿ ಇದೇ ಕಾರಣಕ್ಕೆ.

ರೆಕಾರ್ಡ್ ಆದ ಫೈಲ್ ಕೈಯಲ್ಲಿದ್ದರೆ: ಆಡಾಸಿಟಿ

ಪಾಡ್‌ಕಾಸ್ಟ್, ಸಂದರ್ಶನ, ಪಾಠದ ರೆಕಾರ್ಡಿಂಗ್, ಹಳೆಯ ಕ್ಯಾಸೆಟ್‌ನಿಂದ ತೆಗೆದ ಧ್ವನಿ, ಇವಕ್ಕೆಲ್ಲ ಆಡಾಸಿಟಿ ಸಾಕು, ಬೇರೆ ಹುಡುಕಬೇಡಿ. 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ ಶುರು ಮಾಡಿದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ಥರ ಕೆಲಸ ಮಾಡುತ್ತದೆ. ತೆರೆದು ಕೆಂಪು ಬಟನ್ ಒತ್ತಿದರೆ ರೆಕಾರ್ಡಿಂಗ್ ಶುರು. ಹೊಸಬರಿಗೆ ಇಷ್ಟು ಬೇಗ ಕೈಗೆ ಬರುವುದು ಇನ್ನೊಂದಿಲ್ಲ.

ಹಳೆಯ ದೂರು ಒಂದಿತ್ತು. ಎಫೆಕ್ಟ್ ಹಾಕಿದರೆ ಮೂಲ ಧ್ವನಿಯೇ ಬದಲಾಗಿಬಿಡುತ್ತದೆ, ನಾಲ್ಕು ದಿನ ಬಿಟ್ಟು ರಿವರ್ಬ್ (ಕೋಣೆಯ ಪ್ರತಿಧ್ವನಿ) ಜಾಸ್ತಿ ಆಯಿತು ಅನಿಸಿದರೆ ಹಿಂದಕ್ಕೆ ಹೋಗಲು ಆಗದು ಅಂತ. 2022ರ 3.2 ಆವೃತ್ತಿಯಿಂದ ಪ್ಲೇ ಆಗುತ್ತಿರುವಾಗಲೇ ಎಫೆಕ್ಟ್ ಹಾಕಿ ತೆಗೆಯಬಹುದು. ಆದರೂ ಗದ್ದಲ ಕಡಿಮೆ ಮಾಡುವ ನಾಯ್ಸ್ ರಿಡಕ್ಷನ್‌ನಂಥ ಕೆಲವು ಒಳಗಿನ ಎಫೆಕ್ಟ್‌ಗಳು ಈಗಲೂ ಮೂಲವನ್ನೇ ತಿದ್ದುವ ಜಾತಿಯವು, ಹಾಗಾಗಿ ಮೂಲ ಫೈಲಿನ ಒಂದು ನಕಲು ಬೇರೆ ಕಡೆ ಇಟ್ಟುಕೊಂಡೇ ಕೈ ಹಾಕಿ.

ನಾಯ್ಸ್ ರಿಡಕ್ಷನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ರೆಕಾರ್ಡಿಂಗ್‌ಗಳು ಹಾಳಾಗುವುದು ಇಲ್ಲೇ. ಮಾತು ಶುರು ಮಾಡುವ ಮೊದಲು ಎರಡು ಸೆಕೆಂಡ್ ಸುಮ್ಮನಿರಿ, ಫ್ಯಾನಿನದೋ ಕಂಪ್ಯೂಟರಿನದೋ ಸದ್ದು ಮಾತ್ರ ದಾಖಲಾಗಲಿ. ಆ ತುಂಡನ್ನು ಆರಿಸಿ ಅದನ್ನೇ ಗದ್ದಲದ ಮಾದರಿಯಾಗಿ ಕೊಡಿ, ಆಮೇಲೆ ಇಡೀ ಫೈಲ್ ಆರಿಸಿ ಎಫೆಕ್ಟ್ ಹಾಕಿ. ಎಷ್ಟು ಡಿಬಿ (ಸದ್ದಿನ ಮಟ್ಟದ ಅಳತೆ) ಕಡಿಮೆ ಮಾಡಬೇಕು ಅಂತ ಕೇಳುವ ಕಡೆ 6ರಿಂದ 12ರ ಒಳಗೆ ಇರಿ. 24ಕ್ಕೆ ಏರಿಸಿದರೆ ಗದ್ದಲ ಪೂರ್ತಿ ಹೋಗುತ್ತದೆ, ಅದರ ಜೊತೆ ಧ್ವನಿಯ ಜೀವವೂ ಹೋಗಿ ಮಾತು ನೀರೊಳಗಿನಿಂದ ಬಂದ ಹಾಗೆ ಕೇಳುತ್ತದೆ. ಅದೇ ಕಿಟಕಿಯ ಕೆಳಗೆ ರೆಸಿಡ್ಯೂ ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತಿ ಪ್ರಿವ್ಯೂ ಕೇಳಿದರೆ ತೆಗೆದುಹಾಕುತ್ತಿರುವ ಸದ್ದು ಮಾತ್ರ ಕೇಳಿಸುತ್ತದೆ. ಅಲ್ಲಿ ಬರೀ ಹುಸ್ಸೆನ್ನುವ ಸದ್ದಿದ್ದರೆ ಸರಿ. ಪದಗಳು ಗುರುತು ಸಿಗುವಷ್ಟು ಕೇಳಿಸಿದರೆ ನೀವು ಧ್ವನಿಯನ್ನೇ ಕತ್ತರಿಸುತ್ತಿದ್ದೀರಿ, ಡಿಬಿ ಇಳಿಸಿ. ಇಷ್ಟೊಂದು ಉಪಯೋಗದ ಬಟನ್ ಅದು, ಆದರೆ ಅದನ್ನು ಮುಟ್ಟಿ ನೋಡುವವರೇ ಕಡಿಮೆ.

ಪಾಡ್‌ಕಾಸ್ಟ್ ಮುಗಿದ ಮೇಲೆ ಲೌಡ್‌ನೆಸ್ ನಾರ್ಮಲೈಸೇಶನ್ ಹಾಕಿ, ಸ್ಟೀರಿಯೋಗೆ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವ ಅಳತೆ) ಅನ್ನುವುದು ಪಾಡ್‌ಕಾಸ್ಟ್‌ಗಳಲ್ಲಿ ಚಾಲ್ತಿಯಲ್ಲಿರುವ ಮಟ್ಟ. ಟಿವಿ ಪ್ರಸಾರಕ್ಕೆ ಯುರೋಪಿನ ಇಬಿಯು ಆರ್128 ಮಾನದಂಡ ಮೈನಸ್ 23 ಕೇಳುತ್ತದೆ. ಪೀಕ್ ನೋಡಿಕೊಂಡು ಏರಿಸಿ ಇಳಿಸುವುದಕ್ಕಿಂತ ಇದು ಎಷ್ಟೋ ವಾಸಿ, ಕೇಳುವವರು ಪ್ರತಿ ಸಂಚಿಕೆಗೂ ವಾಲ್ಯೂಮ್ ತಿರುಗಿಸುತ್ತಾ ಕೂರಬೇಕಿಲ್ಲ.

ಹಲವು ಮೈಕು, ಹಲವು ಟ್ರ್ಯಾಕ್: ಆರ್ಡರ್

ನಾಲ್ಕು ಜನ ಒಟ್ಟಿಗೆ ಹಾಡುತ್ತಾರೆ, ಡ್ರಮ್‌ಗೇ ಐದಾರು ಮೈಕ್ ಬೇಕು, ಒಬ್ಬೊಬ್ಬರ ಧ್ವನಿಯನ್ನೂ ಆಮೇಲೆ ಬೇರೆಬೇರೆಯಾಗಿ ಸರಿಮಾಡಬೇಕು ಅಂದರೆ ಆಡಾಸಿಟಿ ಏದುಸಿರು ಬಿಡುತ್ತದೆ. ಅಲ್ಲಿ ಆರ್ಡರ್ ಬೇಕು. ಪಾಲ್ ಡೇವಿಸ್ ಇದರ ಮೂಲ ಲೇಖಕರು, ಲಿನಕ್ಸ್ ಆಡಿಯೋ ಜಗತ್ತಿನ ಜ್ಯಾಕ್ ಅನ್ನುವ ಸಂಪರ್ಕ ವ್ಯವಸ್ಥೆಯೂ ಅವರ ಕೈಯಿಂದಲೇ ಬಂದದ್ದು. ಇಲ್ಲಿ ಏನೇ ಕತ್ತರಿಸಿದರೂ, ಎಳೆದರೂ, ಎಫೆಕ್ಟ್ ಹಾಕಿದರೂ ಮೂಲ ಫೈಲ್ ಮುಟ್ಟುವುದಿಲ್ಲ. ಬಸ್‌ಗಳು (ಹಲವು ಟ್ರ್ಯಾಕ್‌ಗಳನ್ನು ಒಟ್ಟಿಗೆ ಹಾಯಿಸುವ ದಾರಿ), ಆಟೊಮೇಶನ್ (ವಾಲ್ಯೂಮ್‌ನಂಥವು ತಾವಾಗಿ ಬದಲಾಗುವುದು), ಪ್ಲಗಿನ್‌ಗಳ (ಹೊರಗಿನಿಂದ ಸೇರಿಸುವ ಎಫೆಕ್ಟ್, ವಾದ್ಯಗಳು) ಸಾಲು, ವೀಡಿಯೊ ನೋಡಿಕೊಂಡು ಧ್ವನಿ ಜೋಡಿಸುವ ಅನುಕೂಲ, ದೊಡ್ಡ ಸ್ಟುಡಿಯೋ ತಂತ್ರಾಂಶದಲ್ಲಿ ಇರುವುದೆಲ್ಲ ಇದೆ.

ಎರಡು ಮಾತು ಮೊದಲೇ ಗೊತ್ತಿರಲಿ. ಒಂದು, ಇದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ, ಆದರೆ ಅಧಿಕೃತ ತಾಣದಿಂದ ಸಿದ್ಧ ಆವೃತ್ತಿ ಇಳಿಸಿಕೊಳ್ಳಲು ನಿಮ್ಮಿಂದ ಆದಷ್ಟು ಹಣ ಕೇಳುತ್ತಾರೆ. ಉಚಿತ ಪ್ರಯೋಗದ ಆವೃತ್ತಿ ಹತ್ತು ನಿಮಿಷದ ನಂತರ ಮೌನವಾಗುತ್ತದೆ. ಲಿನಕ್ಸ್ ಬಳಸುವವರಿಗೆ ಅವರವರ ವಿತರಣೆಯ ಭಂಡಾರದಲ್ಲೇ ಸಿಗುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ, ಜಿಪಿಎಲ್ ಅನ್ನುವ ಇದರ ಮುಕ್ತ ಪರವಾನಗಿ ಹಣ ತೆಗೆದುಕೊಳ್ಳಬೇಡಿ ಅಂತ ಎಲ್ಲೂ ಹೇಳುವುದಿಲ್ಲ. ಕೆಲಸ ಆಗುತ್ತಿದ್ದರೆ ಕೊಡಿ ಅಂತಲೇ ನಾನು ಹೇಳುವುದು, ಇಷ್ಟು ದೊಡ್ಡ ತಂತ್ರಾಂಶ ವರ್ಷಗಟ್ಟಲೆ ಬದುಕಿರುವುದು ಹಾಗೆ ಕೊಟ್ಟವರಿಂದ.

ಎರಡು, ಕಲಿಯಲು ಸಮಯ ಬೇಕು. ಮೊದಲ ಸಲ ತೆರೆದಾಗ ಧ್ವನಿಯೇ ಬರುವುದಿಲ್ಲ ಅನ್ನುವ ದೂರು ಸಾಮಾನ್ಯ. ಬಹಳ ಸಲ ಅದು ಆಡಿಯೋ ವ್ಯವಸ್ಥೆ ಆರಿಸುವಾಗ ಆದ ಎಡವಟ್ಟು, ತಪ್ಪು ಸಾಧನ ಆರಿಸಿರುತ್ತಾರೆ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೈಗೆತ್ತಿಕೊಳ್ಳುವ ಧ್ವನಿಯ ತುಂಡು) ಎಷ್ಟು ಗಾತ್ರದ್ದಿರಬೇಕು ಅಂತಲೂ ಅಲ್ಲೇ ಕೇಳುತ್ತದೆ. ಲೆಕ್ಕ ಸುಲಭ: ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ಇದ್ದು ಬಫರ್ 256 ಇದ್ದರೆ ಒಂದು ಬಫರಿಗೆ ಸುಮಾರು 5.3 ಮಿಲಿಸೆಕೆಂಡ್. 1024 ಇಟ್ಟರೆ ಸುಮಾರು 21. ಹಾಡುವವರು ಹೆಡ್‌ಫೋನಿನಲ್ಲಿ ತಮ್ಮ ಧ್ವನಿಯನ್ನು 21 ಮಿಲಿಸೆಕೆಂಡ್ ತಡವಾಗಿ ಕೇಳಿದರೆ ತಾಳ ಕೈತಪ್ಪುತ್ತದೆ, ಅದರ ಮೇಲೆ ಸಾಧನದ ವಿಳಂಬ ಬೇರೆ ಸೇರುತ್ತದೆ. ಹಾಗಾಗಿ ರೆಕಾರ್ಡ್ ಮಾಡುವಾಗ ಬಫರ್ ಚಿಕ್ಕದಿರಲಿ, ಮಿಕ್ಸ್ ಮಾಡುವಾಗ ದೊಡ್ಡದು ಮಾಡಿ. ಚಿಕ್ಕದಿಟ್ಟಾಗ ಪಟಪಟ ಸದ್ದು ಬಂದರೆ ಪ್ರೊಸೆಸರ್ ಸಾಕಾಗುತ್ತಿಲ್ಲ ಅಂತ ಅರ್ಥ, ಒಂದು ಮೆಟ್ಟಿಲು ಏರಿಸಿ.

ಲಿನಕ್ಸಿನಲ್ಲಿ ಧ್ವನಿ ನಿಭಾಯಿಸುವ ಜ್ಯಾಕ್, ಪಲ್ಸ್‌ಆಡಿಯೋ ಎರಡು ವ್ಯವಸ್ಥೆಗಳ ಜಗಳ ಬಿಡಿಸುವುದೇ ಮೊದಲು ದೊಡ್ಡ ತಲೆನೋವಾಗಿತ್ತು. ಪೈಪ್‌ವೈರ್ ಬಂದ ಮೇಲೆ ಅದು ಬಹಳ ಮಟ್ಟಿಗೆ ತಗ್ಗಿದೆ, ಎರಡರ ಕೆಲಸವನ್ನೂ ಅದೇ ನೋಡಿಕೊಳ್ಳುತ್ತದೆ. ಫೆಡೋರಾ ಅನ್ನುವ ಲಿನಕ್ಸ್ ವಿತರಣೆ 2021ರ 34ನೇ ಆವೃತ್ತಿಯಲ್ಲೇ ಅದನ್ನು ಮಾಮೂಲು ವ್ಯವಸ್ಥೆ ಮಾಡಿಕೊಂಡಿತು. ಹಳೆಯ ಸಲಹೆಗಳನ್ನು ಓದಿ ಜ್ಯಾಕ್ ಕಾನ್ಫಿಗರ್ ಮಾಡುತ್ತಾ ರಾತ್ರಿ ಕಳೆಯಬೇಡಿ.

ಟ್ಯೂನ್ ತಲೆಯಲ್ಲಿದೆ, ಮೈಕ್ ಇಲ್ಲ: ಎಲ್‌ಎಂಎಂಎಸ್ ಮತ್ತು ಬಂಧುಗಳು

ಎಲ್‌ಎಂಎಂಎಸ್ 2004ರಿಂದ ಇದೆ. ಬೀಟ್ ಹಾಕುವ ಕಿಟಕಿ, ಸ್ವರಗಳನ್ನು ಇಡುವ ಪಿಯಾನೋ ರೋಲ್, ಹಾಡು ಜೋಡಿಸುವ ಕಿಟಕಿ, ಒಳಗೇ ಕೂತಿರುವ ಸಿಂಥಸೈಜರ್‌ಗಳು (ಶಬ್ದ ಹುಟ್ಟಿಸುವ ವಾದ್ಯಗಳು, ಚಿಕ್ಕದಾಗಿ ಸಿಂಥ್), ಎಲ್ಲ ಒಂದೇ ಪ್ಯಾಕೇಜಿನಲ್ಲಿ ಬರುತ್ತವೆ. ಜಿನ್‌ಆಡ್‌ಸಬ್‌ಎಫ್‌ಎಕ್ಸ್ ಅನ್ನುವ ದೊಡ್ಡ ಸಿಂಥ್ ಕೂಡ ಒಳಗೇ ಇದೆ, ಅದೊಂದನ್ನೇ ಕಲಿತರೂ ವರ್ಷ ಸಾಲದು. ಎಲೆಕ್ಟ್ರಾನಿಕ್ ಸಂಗೀತ, ಹಿಪ್‌ಹಾಪ್ ಬೀಟ್, ಆಟಗಳಿಗೆ ಹಿನ್ನೆಲೆ ಸಂಗೀತ ಮಾಡಲು ಬಯಸುವ ಹೊಸಬರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಆದರೆ ಇದರ ಎರಡು ಮಿತಿಗಳನ್ನು ತಿಳಿಯದೆ ಒಳಗೆ ಇಳಿಯಬೇಡಿ. ಸ್ಥಿರವಾದ 1.2 ಸರಣಿಯಲ್ಲಿ ಮೈಕಿನಿಂದ ರೆಕಾರ್ಡ್ ಮಾಡಲು ಆಗುವುದಿಲ್ಲ. ಹಾಡು ಸೇರಿಸಬೇಕಿದ್ದರೆ ಬೇರೆ ಕಡೆ ರೆಕಾರ್ಡ್ ಮಾಡಿ ಫೈಲ್ ತರಬೇಕು. ಎರಡನೆಯದು ಪ್ಲಗಿನ್: ಅವು ವಿಎಸ್‌ಟಿ, ಎಲ್‌ವಿ2, ಕ್ಲ್ಯಾಪ್ ಹೀಗೆ ಬೇರೆಬೇರೆ ರೂಪದಲ್ಲಿ ಬರುತ್ತವೆ, ಈ ಸರಣಿ ಹಳೆಯ ವಿಎಸ್‌ಟಿ2 ಮತ್ತು ಲ್ಯಾಡ್‌ಸ್ಪಾ ಮಾತ್ರ ಅರ್ಥ ಮಾಡಿಕೊಳ್ಳುತ್ತದೆ. ಈಗಿನ ಒಳ್ಳೆಯ ಮುಕ್ತ ಸಿಂಥ್‌ಗಳಲ್ಲಿ ಮೊದಲ ಸಾಲಿನಲ್ಲಿರುವ ಸರ್ಜ್ ಎಕ್ಸ್‌ಟಿ, ವಿಎಸ್‌ಟಿ3 ಮತ್ತು ಕ್ಲ್ಯಾಪ್ ರೂಪದಲ್ಲಿ ಬರುತ್ತದೆ, ವಿಎಸ್‌ಟಿ2 ರೂಪ ಕೊಡುವುದಿಲ್ಲ. ಅಂದರೆ ಸರ್ಜ್ ಬೇಕು ಅನ್ನುವವರಿಗೆ ಎಲ್‌ಎಂಎಂಎಸ್ ಸ್ಥಿರ ಆವೃತ್ತಿ ಆಗಿಬರುವುದಿಲ್ಲ. ಆರ್ಡರ್‌ನಲ್ಲಿ ಎಲ್‌ವಿ2, ವಿಎಸ್‌ಟಿ3 ಎರಡೂ ನಡೆಯುತ್ತವೆ. ಆಯ್ಕೆ ಮಾಡುವಾಗ ಮುಖ್ಯ ಪ್ರೋಗ್ರಾಮನ್ನು ಮಾತ್ರ ನೋಡಿಕೊಂಡು ಆಮೇಲೆ ಬೇಕಾದ ವಾದ್ಯ ಒಳಗೆ ಬರುವುದಿಲ್ಲ ಅಂತ ಗೊತ್ತಾಗಿ ಮತ್ತೆ ಮೊದಲಿನಿಂದ ಶುರು ಮಾಡುವವರನ್ನು ಬಹಳ ನೋಡಿದ್ದೇನೆ.

ಸಿಂಥ್ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಸರ್ಜ್ ಮೊದಲು ಮಾರಾಟದ ಸರಕಾಗಿತ್ತು, 2018ರಲ್ಲಿ ಅದರ ಲೇಖಕರು ಕೋಡ್ ಬಿಡುಗಡೆ ಮಾಡಿದರು, ಆಮೇಲೆ ಸಮುದಾಯ ಅದನ್ನು ಎಕ್ಸ್‌ಟಿ ಆಗಿ ಬೆಳೆಸಿತು. ಮಾರಾಟದಲ್ಲಿದ್ದದ್ದು ಮುಕ್ತವಾಗಿ ಇನ್ನೂ ಚೆನ್ನಾಗಿ ಬೆಳೆದ ಉದಾಹರಣೆ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬೇರೆಬೇರೆ ಶ್ರುತಿ ವ್ಯವಸ್ಥೆಗಳಿಗೆ ಸ್ಕಾಲಾ ಫೈಲುಗಳನ್ನು ಕೊಟ್ಟರೆ ಅದರಂತೆ ನುಡಿಯುತ್ತದೆ, ಹನ್ನೆರಡು ಸಮಭಾಗದ ಪಿಯಾನೋ ಶ್ರುತಿಗೆ ಕಟ್ಟುಬೀಳದೆ ಕೆಲಸ ಮಾಡುವವರಿಗೆ ಇದು ದೊಡ್ಡ ವಿಷಯ. ವೈಟಲ್ ಅನ್ನುವ ಇನ್ನೊಂದು ಸಿಂಥ್ ನೋಡಲು ಸುಂದರ, ಶಬ್ದದ ಅಲೆ ಕಣ್ಣೆದುರೇ ಕುಣಿಯುತ್ತದೆ, ಕೋಡ್ ಕೂಡ ಜಿಪಿಎಲ್ ಅಡಿ ಇದೆ. ಆದರೆ ಹೆಸರು, ಪ್ರೀಸೆಟ್‌ಗಳಿಗೆ (ಸಿದ್ಧ ಶಬ್ದಗಳಿಗೆ) ಬೇರೆ ಷರತ್ತು ಇದೆ, ಹಾಗಾಗಿ ಲಿನಕ್ಸ್ ಭಂಡಾರಗಳಲ್ಲಿ ವೈಟಾಲಿಯಂ ಅನ್ನುವ ಹೆಸರಿನ ಕವಲು ಕಾಣಿಸುತ್ತದೆ. ಡೆಕ್ಸೆಡ್ ಅನ್ನುವ ಸಿಂಥ್ ಬೇಕಾಗುವುದು ಯಮಾಹಾ ಡಿಎಕ್ಸ್7 ಅನ್ನುವ ಹಳೆಯ ಕೀಬೋರ್ಡಿನ ಗಂಟೆಯಂಥ ಎಫ್‌ಎಂ ಶಬ್ದ ಇಷ್ಟಪಡುವವರಿಗೆ.

ಬರೀ ಡ್ರಮ್ ಸಾಕು ಅಂದರೆ ಹೈಡ್ರೋಜನ್. ಲಿನಕ್ಸಿನಲ್ಲಿ ಮಿಡಿ (ಯಾವ ಸ್ವರ ಯಾವಾಗ ಅನ್ನುವ ದಾಖಲೆ) ಮತ್ತು ಆಡಿಯೋ ಎರಡನ್ನೂ ನೋಡಿಕೊಳ್ಳುವ ಹಗುರವಾದದ್ದು ಬೇಕು ಅಂದರೆ ಕ್ಯೂಟ್ರ್ಯಾಕ್ಟರ್. ಕೋಡ್ ಬರೆದು ಸಂಗೀತ ಮಾಡುವ ಆಸೆ ಇದ್ದರೆ ಸೋನಿಕ್ ಪೈಯಿಂದ ಶುರು ಮಾಡಿ, ಸ್ಯಾಮ್ ಏರನ್ ಅದನ್ನು ಮಕ್ಕಳಿಗೆ ಪಾಠ ಹೇಳುವ ಉದ್ದೇಶ ಇಟ್ಟುಕೊಂಡೇ ಕಟ್ಟಿದ್ದು. ಅದರ ಹೊಟ್ಟೆಯೊಳಗೆ ನುಡಿಯುವ ಎಂಜಿನ್ ಸೂಪರ್‌ಕೊಲೈಡರ್, ಆಳಕ್ಕೆ ಹೋಗಬೇಕು ಅನಿಸಿದಾಗ ನೇರ ಅಲ್ಲಿಗೇ ಇಳಿಯಬಹುದು. ಬರೆಯುವ ಬದಲು ಪೆಟ್ಟಿಗೆಗಳಿಗೆ ತಂತಿ ಎಳೆದು ಜೋಡಿಸುವುದು ಇಷ್ಟವಾದರೆ ಪ್ಯೂರ್ ಡೇಟಾ.

ಸ್ವರಲಿಪಿ ಬರೆಯಬೇಕೇ?

ಇಲ್ಲಿ ಆಯ್ಕೆ ಎರಡೇ ಅಂತ ಇಟ್ಟುಕೊಳ್ಳಿ. ಕಣ್ಣಿನಿಂದ ನೋಡುತ್ತಾ, ಮೌಸಿನಿಂದ ಇಡುತ್ತಾ, ಕೂಡಲೇ ಕೇಳುತ್ತಾ ಬರೆಯಬೇಕಾದರೆ ಮ್ಯೂಸ್‌ಸ್ಕೋರ್. 2022ರ ಡಿಸೆಂಬರಿನಲ್ಲಿ ಬಂದ 4ನೇ ಆವೃತ್ತಿ ಬಹಳ ಸುಧಾರಿಸಿದೆ. ಅದರ ಜೊತೆ ಸಿಗುವ ಮ್ಯೂಸ್ ಸೌಂಡ್ಸ್ ವಾದ್ಯಗಳು ಕಿವಿಗೆ ಹಿತ, ಉಚಿತ, ಆದರೆ ಮುಕ್ತವಲ್ಲ. ಮ್ಯೂಸ್‌ಸ್ಕೋರ್ ಅವಿಲ್ಲದೆಯೂ ತನ್ನ ಮಾಮೂಲು ಸೌಂಡ್‌ಫಾಂಟಿನಲ್ಲಿ (ವಾದ್ಯಗಳ ಶಬ್ದ ತುಂಬಿದ ಫೈಲ್) ನುಡಿಯುತ್ತದೆ, ಶಬ್ದ ಅಷ್ಟು ಚೆನ್ನಾಗಿರುವುದಿಲ್ಲ ಅಷ್ಟೇ. ಅಚ್ಚಿನ ಅಂದವೇ ಮುಖ್ಯ, ಸ್ವರಗಳನ್ನು ಪಠ್ಯವಾಗಿ ಬರೆದು ಅದನ್ನು ಪುಟವಾಗಿ ಕಂಪೈಲ್ ಮಾಡಲು ಬೇಸರ ಇಲ್ಲ ಅಂದರೆ ಲಿಲಿಪಾಂಡ್. ಅದರ ಪುಟ ನೋಡಿದರೆ ಕೈಯಲ್ಲಿ ಕೊರೆದ ಹಳೆಯ ಅಚ್ಚಿನ ಶಿಸ್ತು ಕಾಣುತ್ತದೆ. ಎಡಬದಿಯಲ್ಲಿ ಬರಹ, ಬಲಬದಿಯಲ್ಲಿ ಪುಟ ನೋಡಲು ಫ್ರೆಸ್ಕೊಬಾಲ್ಡಿ ಹಾಕಿಕೊಳ್ಳಿ.

ಪಠ್ಯವನ್ನು ಮಾತಾಗಿಸುವುದು

ಇಲ್ಲಿ ಗೊಂದಲ ಎಲ್ಲಕ್ಕಿಂತ ಜಾಸ್ತಿ. ವಿಷಯ ವೇಗವಾಗಿ ಬದಲಾಗುತ್ತಿದೆ, ದಿನಕ್ಕೊಂದು ಹೆಸರು ಕೇಳುತ್ತೀರಿ. ಸ್ವಲ್ಪ ಬಿಡಿಸಿ ನೋಡೋಣ.

ಇಸ್ಪೀಕ್ ಎನ್‌ಜಿ ಎಲ್ಲಕ್ಕಿಂತ ಹಗುರ. ಜೋನಾಥನ್ ಡಡಿಂಗ್ಟನ್ ಮಾಡಿದ ಇಸ್ಪೀಕ್‌ನ ಮುಂದುವರಿಕೆ ಅದು. ಯಾರದೇ ರೆಕಾರ್ಡ್ ಆದ ಧ್ವನಿಯ ತುಂಡುಗಳನ್ನು ಜೋಡಿಸಿ ಮಾತಾಡುವುದಿಲ್ಲ, ಬಾಯಿ ಗಂಟಲಿನಲ್ಲಿ ಧ್ವನಿ ಅನುರಣಿಸುವ ರೀತಿಯನ್ನು ಲೆಕ್ಕ ಹಾಕಿ ಶಬ್ದ ಹುಟ್ಟಿಸುತ್ತದೆ. ಅದಕ್ಕೇ ಕೆಲವೇ ಎಂಬಿ ಜಾಗದಲ್ಲಿ ನೂರಕ್ಕೂ ಹೆಚ್ಚು ಭಾಷೆಗಳು ಕೂತಿವೆ, ಕನ್ನಡವೂ ಇದೆ. ಯಂತ್ರದ ಧ್ವನಿ ಅಂತ ಮೊದಲ ಪದಕ್ಕೇ ಗೊತ್ತಾಗುತ್ತದೆ, ಹಾಗಾಗಿ ಕೇಳಿ ನಕ್ಕು ಬಿಟ್ಟುಬಿಡುವವರಿದ್ದಾರೆ. ಅದು ಸರಿಯಲ್ಲ. ಎನ್‌ವಿಡಿಎ ಅನ್ನುವ ಮುಕ್ತ ಸ್ಕ್ರೀನ್ ರೀಡರ್ ಒಳಗೆ ಇದೇ ಧ್ವನಿ ಇದೆ. ದೃಷ್ಟಿ ಇಲ್ಲದ ಬಳಕೆದಾರರಲ್ಲಿ ಬಹಳ ಜನ ಇದನ್ನು ಮಾಮೂಲು ಮಾತಿನ ಎರಡು ಮೂರು ಪಟ್ಟು ವೇಗದಲ್ಲಿ ಕೇಳುತ್ತಾರೆ, ಅಷ್ಟು ವೇಗದಲ್ಲೂ ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ, ಕೀ ಒತ್ತಿದ ಕ್ಷಣವೇ ಉತ್ತರ ಬರುತ್ತದೆ. ಜನರ ರೆಕಾರ್ಡಿಂಗ್‌ನಿಂದ ಕಲಿತ ಇಂಪಾದ ನ್ಯೂರಲ್ ಧ್ವನಿಗಳು ಈ ಎರಡರಲ್ಲೂ ಹಿಂದೆ ಬೀಳುತ್ತವೆ. ಸ್ಕ್ರೀನ್ ಓದಲು ಒಂದು, ಪುಸ್ತಕ ಕೇಳಲು ಇನ್ನೊಂದು, ಅಲ್ವಾ?

ಸಹಜ ಧ್ವನಿ ಬೇಕು, ಆದರೆ ದೊಡ್ಡ ಯಂತ್ರ ಇಲ್ಲ, ಇಂಟರ್‌ನೆಟ್ ಇಲ್ಲದೆ ನಡೆಯಬೇಕು ಅಂದರೆ ಪೈಪರ್. ರಾಸ್ಪ್‌ಬೆರಿ ಪೈ 4ರಂಥ ಚಿಕ್ಕ ಬೋರ್ಡ್ ಮೇಲೂ ಓಡುವ ಹಾಗೆ ಮಾಡಿದ್ದಾರೆ. ಮೊದಲು ಎಂಐಟಿ ಪರವಾನಗಿಯಲ್ಲಿತ್ತು, ಈಗ ಅಭಿವೃದ್ಧಿ ಜಿಪಿಎಲ್ ಅಡಿ ಬೇರೆ ಕಡೆ ನಡೆಯುತ್ತಿದೆ. ಬಳಸುವವರು ಗಮನಿಸಬೇಕಾದ ಒಂದು ಒಳಗುಟ್ಟು: ಪಠ್ಯವನ್ನು ಉಚ್ಚಾರಣೆಯಾಗಿ ಬದಲಿಸಲು ಪೈಪರ್ ನಂಬಿಕೊಂಡಿರುವುದು ಇಸ್ಪೀಕ್ ಎನ್‌ಜಿಯನ್ನೇ. ಹಾಗಾಗಿ ಇಸ್ಪೀಕ್ ಒಂದು ಪದವನ್ನು ತಪ್ಪಾಗಿ ಒಡೆದರೆ ಪೈಪರ್ ಅದೇ ತಪ್ಪನ್ನು ಇಂಪಾದ ಧ್ವನಿಯಲ್ಲಿ ಹೇಳುತ್ತದೆ. ಇಸ್ಪೀಕ್‌ನ ಉಚ್ಚಾರಣೆ ನಿಯಮಗಳು ಮಾಮೂಲು ಪಠ್ಯದ ಫೈಲುಗಳು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಅಲ್ಲಿ ತಿದ್ದಿದರೆ ಅದನ್ನು ನೆಚ್ಚಿಕೊಂಡ ಎಲ್ಲ ಕಡೆಗೂ ಲಾಭ.

ಕನ್ನಡಕ್ಕೆ ಅಂತಲೇ ಹುಡುಕುವವರು ಎಐ4ಭಾರತ್ ಕೆಲಸವನ್ನು ಮೊದಲು ನೋಡಿ. ಅವರ ಇಂಡಿಕ್ ಟಿಟಿಎಸ್‌ನಲ್ಲಿ (ಟಿಟಿಎಸ್ ಅಂದರೆ ಪಠ್ಯದಿಂದ ಮಾತು) ಕನ್ನಡ ಸೇರಿ 13 ಭಾಷೆಗಳಿವೆ. ಆಮೇಲೆ ಬಂದ ಇಂಡಿಕ್ ಪಾರ್ಲರ್ ಟಿಟಿಎಸ್‌ನಲ್ಲಿ ಧ್ವನಿ ಹೇಗಿರಬೇಕು ಅಂತ ವಾಕ್ಯದಲ್ಲೇ ಬರೆದು ಹೇಳಬಹುದು: ನಿಧಾನವಾಗಿ, ತಗ್ಗಿದ ದನಿಯಲ್ಲಿ, ಗದ್ದಲವಿಲ್ಲದೆ ಅಂತೆಲ್ಲ. ಅಪಾಚೆ 2.0 ಪರವಾನಗಿ, ಹಾಗಾಗಿ ವ್ಯಾಪಾರಕ್ಕೂ ತೊಂದರೆ ಇಲ್ಲ. ಆದರೆ ಮಾದರಿ (ಕಲಿತದ್ದೆಲ್ಲ ತುಂಬಿರುವ ಫೈಲ್) ದೊಡ್ಡದು, ಒಳ್ಳೆಯ ಜಿಪಿಯು (ಗ್ರಾಫಿಕ್ಸ್ ಚಿಪ್) ಇಲ್ಲದಿದ್ದರೆ ಒಂದು ವಾಕ್ಯಕ್ಕೂ ಕಾಯಬೇಕಾಗುತ್ತದೆ. ಮೆಟಾದ ಎಂಎಂಎಸ್ 2023ರಲ್ಲಿ ಸಾವಿರಕ್ಕೂ ಹೆಚ್ಚು ಭಾಷೆಗಳ ಧ್ವನಿಯೊಂದಿಗೆ ಬಂತು, ಕನ್ನಡವೂ ಅದರಲ್ಲಿದೆ, ಮಾದರಿ ಚಿಕ್ಕದು. ಅದರ ಪರವಾನಗಿ ಮಾತ್ರ ವ್ಯಾಪಾರಕ್ಕೆ ಬಳಸಬೇಡಿ ಅನ್ನುತ್ತದೆ.

ಈ ಪರವಾನಗಿಯ ಮಾತು ಇನ್ನೂ ಸ್ವಲ್ಪ ಹೇಳಬೇಕು. ಆಡಾಸಿಟಿಯಂಥ ಪ್ರೋಗ್ರಾಮಿನಲ್ಲಿ ಕೋಡಿಗೆ ಒಂದು ಪರವಾನಗಿ ಇದ್ದರೆ ಮುಗಿಯಿತು. ಮಾತಿನ ತಂತ್ರಾಂಶದಲ್ಲಿ ಮೂರು ಪದರ ಇವೆ: ಓಡಿಸುವ ಕೋಡ್, ಕಲಿತ ಮಾದರಿ, ಕಲಿಸಲು ಬಳಸಿದ ರೆಕಾರ್ಡಿಂಗ್. ಮೂರಕ್ಕೂ ಬೇರೆಬೇರೆ ಷರತ್ತು ಇರಬಹುದು. ಕೋಕಿ ಟಿಟಿಎಸ್ ಇದಕ್ಕೆ ಸರಿಯಾದ ಉದಾಹರಣೆ. ಕೋಡ್ ಮೊಜಿಲ್ಲಾ ಪರವಾನಗಿಯಲ್ಲಿ ಮುಕ್ತ, ಆದರೆ ಅದರ ಹೆಸರಾಂತ ಎಕ್ಸ್‌ಟಿಟಿಎಸ್ ಮಾದರಿಗೆ ಕಂಪನಿಯ ಸ್ವಂತ ಪರವಾನಗಿ, ವ್ಯಾಪಾರಕ್ಕೆ ಬಳಸುವಂತಿಲ್ಲ. 2024ರ ಆರಂಭದಲ್ಲಿ ಆ ಕಂಪನಿ ಮುಚ್ಚಿತು. ಕೋಡ್ ಮುಕ್ತವಾಗಿದ್ದರಿಂದ ಬೇರೆಯವರು ಕವಲು ಮಾಡಿ ಮುಂದುವರಿಸಿದ್ದಾರೆ. ಮಾದರಿಗೆ ವ್ಯಾಪಾರಿ ಅನುಮತಿ ಬೇಕು ಅನ್ನುವವರು ಈಗ ಯಾರನ್ನು ಕೇಳಬೇಕು? ಆಡಿಯೋಬುಕ್ ಮಾಡಿ ಮಾರುವ ಯೋಚನೆ ಇದ್ದವರು ಪೈಪರ್‌ನ ಧ್ವನಿಗಳಿಗೂ ಇದೇ ಎಚ್ಚರ ವಹಿಸಿ, ಪ್ರತಿ ಧ್ವನಿಯ ಜೊತೆ ಬರುವ ವಿವರದ ಹಾಳೆ ತೆರೆದು ಓದಿ, ಎಲ್ಲವೂ ಒಂದೇ ಷರತ್ತಿನಲ್ಲಿ ಬಂದಿಲ್ಲ. ಇನ್ನೊಬ್ಬರ ಧ್ವನಿಯನ್ನು ಅನುಕರಿಸುವ ಮಾದರಿ ಬಳಸುವಾಗ ಆ ವ್ಯಕ್ತಿಯ ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ. ಪರವಾನಗಿ ಎಷ್ಟೇ ಉದಾರವಾಗಿರಲಿ, ಯಾರದೋ ದನಿಯನ್ನು ಕೇಳದೆ ಬಳಸುವ ಹಕ್ಕು ಅದರಿಂದ ಬರುವುದಿಲ್ಲ.

ಯಾವ ಎಂಜಿನ್ ಆರಿಸಿದರೂ ಪಠ್ಯವನ್ನು ಮೊದಲು ಹದ ಮಾಡಿಕೊಳ್ಳಿ. ಧ್ವನಿ ಚೆನ್ನಾಗಿಲ್ಲ ಅಂತ ಎಂಜಿನ್ ಬದಲಿಸುವವರಲ್ಲಿ ಅರ್ಧ ಜನರಿಗೆ ನಿಜವಾದ ತೊಂದರೆ ಇರುವುದು ಪಠ್ಯದಲ್ಲೇ. ಅಂಕಿಗಳನ್ನು ಅಕ್ಷರದಲ್ಲಿ ಬರೆಯಿರಿ: 1999 ಅನ್ನುವುದನ್ನು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಅಂತ. ತಾನು ಕಲಿಯದ ಚಿಹ್ನೆ ಕಂಡರೆ ಅದನ್ನು ಸುಮ್ನೆ ನುಂಗಿ ಮುಂದೆ ಹೋಗುವ ನ್ಯೂರಲ್ ಮಾದರಿಗಳಿವೆ, ಇಸವಿಯೇ ಮಾಯವಾದ ವಾಕ್ಯ ಕೇಳಿದಾಗ ಕೇಳುಗರಿಗೆ ತಲೆಬುಡ ತಿಳಿಯುವುದಿಲ್ಲ. 'ಡಾ.' ಅಂತ ಚುಕ್ಕಿ ಇಟ್ಟರೆ ವಾಕ್ಯ ಅಲ್ಲೇ ಮುಗಿಯಿತು ಅಂದುಕೊಂಡು ನಿಲ್ಲಿಸಬಹುದು, 'ಡಾಕ್ಟರ್' ಅಂತಲೇ ಬರೆದುಬಿಡಿ. 'ಬ್ಯಾಂಕ್', 'ಮ್ಯಾಚ್' ಇಂಥ ಪದಗಳಲ್ಲಿ ನಾವು ಯ ಒತ್ತು ಬರೆದರೂ ಯ ಅನ್ನುವುದಿಲ್ಲ, ಅಕ್ಷರ ನೋಡಿ ಓದುವ ಎಂಜಿನ್‌ಗೆ ಇದು ಕಷ್ಟ, ಜನರ ರೆಕಾರ್ಡಿಂಗ್‌ನಿಂದ ಕಲಿತದ್ದಕ್ಕೆ ಸುಲಭ. ಇನ್ನು 'ಸಾಫ್ಟ್‌ವೇರ್' ಥರದ ಪದಗಳ ಮಧ್ಯೆ ಒತ್ತಕ್ಷರ ಆಗದ ಹಾಗೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಪದ ಮಧ್ಯದಲ್ಲಿ ಮುರಿದ ಹಾಗೆ ಕೇಳಿಸಿದರೆ ಅದನ್ನು ತೆಗೆದು ಇನ್ನೊಮ್ಮೆ ಓದಿಸಿ ನೋಡಿ. ಉದ್ದದ ವಾಕ್ಯಗಳನ್ನು ಎರಡು ಮೂರಾಗಿ ಒಡೆದು ಕೊಟ್ಟರೆ ಉಸಿರು ಸರಿಯಾದ ಜಾಗದಲ್ಲಿ ಬೀಳುತ್ತದೆ.

ತಿರುಗಾ ಮುರುಗಾ, ಅಂದರೆ ಮಾತಿನಿಂದ ಪಠ್ಯ ಬೇಕಾದರೆ 2022ರಲ್ಲಿ ಬಂದ ವಿಸ್ಪರ್, ಎಂಐಟಿ ಪರವಾನಗಿ, ಕನ್ನಡ ಗೊತ್ತು. ಮಾಮೂಲು ಲ್ಯಾಪ್‌ಟಾಪಿನಲ್ಲಿ ವಿಸ್ಪರ್ ಸಿಪಿಪಿ ಅನ್ನುವ ಅದರ ಇನ್ನೊಂದು ರೂಪ ಹಗುರ. ಮೌನ ಇರುವ ಕಡೆ ಇಲ್ಲದ ವಾಕ್ಯ ಹುಟ್ಟಿಸುವ ಚಾಳಿ ಇದಕ್ಕಿದೆ, ಉದ್ದದ ಮೌನಗಳನ್ನು ಆಡಾಸಿಟಿಯಲ್ಲಿ ಕತ್ತರಿಸಿ ಕೊಡಿ. ಸಿದ್ಧ ಹಾಡಿನಿಂದ ಗಾಯನ, ಡ್ರಮ್ ಬೇರೆ ಮಾಡಬೇಕಾದರೆ ಡೀಮಕ್ಸ್ ನೋಡಿ.

ಫೈಲ್ ನಿಮ್ಮದಾಗಿ ಉಳಿಯುತ್ತದೆಯೇ?

ಶುರುವಿನಲ್ಲಿ ಕೇಳಿದ ಎರಡನೆಯ ಪ್ರಶ್ನೆಗೆ ಕೋಡ್ ಒಂದೇ ಉತ್ತರವಲ್ಲ, ಪ್ರಾಜೆಕ್ಟ್ ಫೈಲ್ ಹೇಗಿದೆ ಅನ್ನುವುದೂ ಅಷ್ಟೇ ಮುಖ್ಯ. ಈ ವಿಷಯದಲ್ಲಿ ಆರ್ಡರ್ ನನಗೆ ಬಹಳ ಇಷ್ಟ. ಅದರ ಸೆಷನ್ ಅಂದರೆ ಒಂದು ಫೋಲ್ಡರ್, ಒಳಗೆ ಮಾಮೂಲು ಆಡಿಯೋ ಫೈಲುಗಳು, ಪಕ್ಕದಲ್ಲಿ ಎಲ್ಲಿ ಏನಿದೆ ಅಂತ ಹೇಳುವ ಎಕ್ಸ್‌ಎಂಎಲ್ ಅನ್ನುವ ಪಠ್ಯದ ಫೈಲ್. ಆರ್ಡರ್ ಇಲ್ಲದ ಯಂತ್ರದಲ್ಲೂ ರೆಕಾರ್ಡಿಂಗ್ ತೆರೆದು ಕೇಳಬಹುದು. ಎಲ್‌ಎಂಎಂಎಸ್ ಪ್ರಾಜೆಕ್ಟ್ ಒತ್ತಿ ಚಿಕ್ಕದು ಮಾಡಿದ ಎಕ್ಸ್‌ಎಂಎಲ್, ಮ್ಯೂಸ್‌ಸ್ಕೋರ್ ಫೈಲ್ ಒಂದು ಜಿಪ್ ಪೊಟ್ಟಣ, ಲಿಲಿಪಾಂಡ್ ಬರೀ ಪಠ್ಯ. ಆಡಾಸಿಟಿ ಮೊದಲು ಸಾವಿರಾರು ಚೂರು ಫೈಲುಗಳ ಫೋಲ್ಡರ್ ಇಡುತ್ತಿತ್ತು, ಅದರಲ್ಲಿ ಒಂದು ಕಳೆದರೂ ಪ್ರಾಜೆಕ್ಟಿನ ಅಷ್ಟು ಭಾಗ ಹಾಳು. 2021ರ 3.0 ಆವೃತ್ತಿಯಿಂದ ಎಲ್ಲವನ್ನೂ ಒಂದೇ ಫೈಲಿನಲ್ಲಿ, ಎಸ್‌ಕ್ಯೂಲೈಟ್ ಡೇಟಾಬೇಸ್ ಆಗಿ ಇಡುತ್ತದೆ. ನಕಲು ಮಾಡಲು, ಕಳಿಸಲು ಸುಲಭ ಆಯಿತು, ಆದರೆ ಧ್ವನಿ ಹೊರಗೆ ತೆಗೆಯಲು ಆಡಾಸಿಟಿಯೋ ಆ ಫೈಲ್ ಓದಬಲ್ಲ ಇನ್ನೊಂದು ತಂತ್ರಾಂಶವೋ ಬೇಕು.

ಹಾಗಾಗಿ ಯಾವುದನ್ನೇ ಆರಿಸಿಕೊಂಡಿರಲಿ, ಕೆಲಸ ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಬೇರೆಬೇರೆ ಫ್ಲ್ಯಾಕ್ ಫೈಲಾಗಿ (ಗುಣಮಟ್ಟ ಕಳೆಯದೆ ಚಿಕ್ಕದು ಮಾಡುವ ರೂಪ) ಹೊರಗೆ ತೆಗೆದಿಡಿ, 24 ಬಿಟ್ ಇರಲಿ. ಸಿಂಥ್‌ನಿಂದ ನುಡಿಸಿದ್ದನ್ನು ಮಿಡಿಯಾಗಿ ಮಾತ್ರ ಇಟ್ಟರೆ ಸಾಲದು, ಆ ಪ್ಲಗಿನ್ ಮುಂದೆ ಸಿಗದೆ ಹೋಗಬಹುದು, ಅದರ ಧ್ವನಿಯನ್ನೂ ಫ್ಲ್ಯಾಕ್ ಮಾಡಿ ಮಿಡಿ ಪಕ್ಕದಲ್ಲೇ ಇಡಿ. ಸ್ವರಲಿಪಿಗೆ ಬೇರೆ ತಂತ್ರಾಂಶಗಳೂ ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದ ಒಂದು ಪ್ರತಿ ತೆಗೆಯಿರಿ. ಮಾತಿಗಾಗಿ ಹದ ಮಾಡಿದ ಪಠ್ಯ, ಬಳಸಿದ ಮಾದರಿಯ ಹೆಸರು, ಅದರ ಆವೃತ್ತಿ ಮತ್ತು ಪರವಾನಗಿಯ ಪ್ರತಿ ಒಂದೇ ಫೋಲ್ಡರಿನಲ್ಲಿರಲಿ. ಟ್ರ್ಯಾಕ್ ತೆಗೆಯುವಾಗ ಮೂರನೇ ನಿಮಿಷದಲ್ಲಿ ಶುರುವಾಗುವ ವಾದ್ಯವನ್ನೂ ಸೊನ್ನೆಯಿಂದಲೇ, ಮುಂದಿನ ಮೌನ ಸೇರಿಸಿಯೇ ತೆಗೆಯಿರಿ. ಆಗ ಬೇರೆ ಯಾವ ತಂತ್ರಾಂಶಕ್ಕೆ ಎಳೆದು ಹಾಕಿದರೂ ಎಲ್ಲ ಟ್ರ್ಯಾಕ್‌ಗಳು ತಂತಾವೇ ಸರಿಯಾದ ಜಾಗದಲ್ಲಿ ಕೂರುತ್ತವೆ.